ಮೂರು ಫ್ಲಾಪಿಗಳ ಡಾಸ್: ಶಾಲೆಯ ಹಳೆಯ ಗಣಕವನ್ನು ಎಬ್ಬಿಸುವ ಮುನ್ನ

ಕಾಸರಗೋಡಿನ ಕನ್ನಡ ಶಾಲೆಯೊಂದರ ಕಪಾಟಿನಿಂದ ಹಳೆಯ ಗಣಕವೊಂದು, ಜೊತೆಗೆ ಒಂದು ಪೆಟ್ಟಿಗೆ ಫ್ಲಾಪಿಗಳು ನಮ್ಮ ಕೈಸೇರಿದವು. ಒಂದರ ಮೇಲೆ ‘ವಾರ್ಷಿಕೋತ್ಸವ ಸಂಚಿಕೆ’ ಎಂದು ಶಾಯಿಯಲ್ಲಿ ಬರೆದಿತ್ತು. ಅದರ ಮುದ್ರಿತ ಪ್ರತಿ ಯಾರಲ್ಲಿಯೂ ಉಳಿದಿಲ್ಲ.

ಫ್ಲಾಪಿಯ ಕಡತವನ್ನು ಇಂದಿನ ಗಣಕಕ್ಕೆ ನಕಲಿಸುವುದು ಕಷ್ಟವಲ್ಲ. ಆದರೆ ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಸಂಕೇತಗಳನ್ನು ಬಳಸುತ್ತಿತ್ತು. ಹಾಗೆ ಬೆರಳಚ್ಚಾದ ಬರಹ ಇಂದಿನ ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿಬಿಡುತ್ತದೆ. ಆದುದರಿಂದ ಪೆಟ್ಟಿಗೆಯಲ್ಲಿದ್ದ ಆ ಕಾಲದ ತಂತ್ರಾಂಶವನ್ನೇ ಓಡಿಸಬೇಕಿತ್ತು. ಅದಕ್ಕೆ ಡಾಸ್ ಬೇಕಿತ್ತು.

ನಾವು ಆರಿಸಿಕೊಂಡದ್ದು 1994ರ ಎಂಎಸ್-ಡಾಸ್ 6.22. ಮೂರೇ ಫ್ಲಾಪಿಗಳಲ್ಲಿ ಮುಗಿಯುತ್ತದೆ. ವಿಂಡೋಸ್ 95ಕ್ಕಾದರೆ ಹದಿಮೂರು. ಹನ್ನೆರಡನೆಯದು ಕೈಕೊಟ್ಟರೆ ಅಷ್ಟು ಹೊತ್ತಿನ ಶ್ರಮವೆಲ್ಲ ನೀರುಪಾಲು.

ಮೊದಲು ಪೆಟ್ಟಿಗೆ ಬಿಚ್ಚಿ ಒಳಗಿನ ಬ್ಯಾಟರಿಯನ್ನು ನೋಡಬೇಕು. ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳು ಸೋರಿ ಫಲಕವನ್ನೇ ತಿನ್ನುತ್ತವೆ. ನಮ್ಮದು ಸೋರಿರಲಿಲ್ಲ, ಸತ್ತಿತ್ತು. ಹೀಗಾಗಿ ಗಣಕಕ್ಕೆ ತನ್ನ ಹಾರ್ಡ್ ಡಿಸ್ಕಿನ ಗುರುತೇ ಮರೆತುಹೋಗಿತ್ತು. ಡಿಸ್ಕಿನ ಚೀಟಿಯಲ್ಲಿದ್ದ ಸಿಲಿಂಡರು, ಹೆಡ್ಡು, ಸೆಕ್ಟರುಗಳ ಅಂಕಿಗಳನ್ನು ಕೈಯಿಂದ ತುಂಬಿದ ಮೇಲೆ ಗುರುತು ಹತ್ತಿತು.

ಇಲ್ಲಿ ಆತುರ ಸಲ್ಲದು. ಅಳವಡಿಕೆಯ ನಡುವೆ ‘ಫಾರ್ಮ್ಯಾಟ್’ ಎಂಬ ಆಜ್ಞೆ ಕೊಟ್ಟರೆ ಹಾರ್ಡ್ ಡಿಸ್ಕಿನಲ್ಲಿದ್ದದ್ದು ಅಳಿಯುತ್ತದೆ. ಮೊದಲ ಫ್ಲಾಪಿಯಿಂದ ಗಣಕ ಚಾಲೂ ಆದೊಡನೆ ನಾವು ಎಫ್3 ಕೀಲಿಯೊತ್ತಿ ಹೊರಬಂದು, ‘ಡಿಐಆರ್’ ಆಜ್ಞೆಯಿಂದ ಸಿ ಡ್ರೈವನ್ನು ನೋಡಿದೆವು. ವ್ಯವಸ್ಥೆ ಕೆಟ್ಟಿದ್ದರೂ ಹಳೆಯ ಕಡತಗಳಿದ್ದವು! ಅವನ್ನು ಬೇರೆ ಫ್ಲಾಪಿಗಳಿಗೆ ನಕಲಿಸಿದ ಬಳಿಕವೇ ಮುಂದುವರಿದೆವು. (ಹಾರ್ಡ್ ಡಿಸ್ಕಿಗೆ ‘ಸಿ’ ಎಂಬ ಹೆಸರೇಕೆಂದು ಮಕ್ಕಳು ಕೇಳುವುದುಂಟು. ಎ ಮತ್ತು ಬಿ ಫ್ಲಾಪಿ ಡ್ರೈವುಗಳಿಗೆ ಮೀಸಲಾಗಿದ್ದವು.)

ಅಳವಡಿಕೆ ಸುಲಭ. ತಾರೀಕು, ದೇಶ, ಕೀಲಿಮಣೆ ಕೇಳುತ್ತದೆ. ಎರಡನೆಯ, ಮೂರನೆಯ ಫ್ಲಾಪಿಗಳನ್ನು ಬೇಡುತ್ತದೆ. ತಾರೀಕು 1980ರ ಜನವರಿ 1 ಎಂದು ಕಂಡರೆ ಗಾಬರಿ ಬೇಡ, ಡಾಸ್‌ನ ಪಂಚಾಂಗ ಆರಂಭವಾಗುವುದೇ ಅಲ್ಲಿಂದ.

ಸಂಚಿಕೆಯ ಫ್ಲಾಪಿಯನ್ನು ಹಾಕುವ ಮುನ್ನ ಅದರ ಮೂಲೆಯ ಚಿಕ್ಕ ಗುಂಡಿಯನ್ನು ಸರಿಸಿ ಕಿಂಡಿ ತೆರೆದಿರುವಂತೆ ಇಡಬೇಕು. ಆಗ ಅದರ ಮೇಲೆ ಏನನ್ನೂ ಬರೆಯಲಾಗದು. ಲೋಹದ ಮುಚ್ಚಳ ಸರಿಸಿ ತಟ್ಟೆಯನ್ನೂ ಪರೀಕ್ಷಿಸಬೇಕು. ನಮ್ಮ ಕಡೆಯ ಮಳೆಗಾಲಕ್ಕೆ ಬೂಸಲು ಹಿಡಿಯುವುದು ಸಹಜ. ಬೂಸಲಿನ ಫ್ಲಾಪಿಯೊಂದು ಡ್ರೈವಿನ ಹೆಡ್ಡನ್ನು ಕೊಳೆ ಮಾಡಿದರೆ, ಮುಂದೆ ಹಾಕುವ ಒಳ್ಳೆಯ ಫ್ಲಾಪಿಯೂ ಗೀರುಬಿದ್ದು ಹಾಳಾದೀತು.

ಸಂಚಿಕೆಯ ಆರು ಲೇಖನಗಳ ಪೈಕಿ ನಾಲ್ಕು ತೆರೆದವು. ಪರದೆ ನೋಡಿ ವಿದ್ಯಾರ್ಥಿಗಳು ಅವನ್ನು ಯೂನಿಕೋಡಿನಲ್ಲಿ ಮತ್ತೆ ಬೆರಳಚ್ಚಿಸುತ್ತಿದ್ದಾರೆ. ಉಳಿದೆರಡು ಇರುವುದು ಬೂಸಲು ಹಿಡಿದ ಇನ್ನೊಂದು ಫ್ಲಾಪಿಯಲ್ಲಿ. ಅದನ್ನು ನಾವಿನ್ನೂ ಡ್ರೈವಿಗೆ ಹಾಕಿಲ್ಲ.