ಹೊಸ ವಿಂಡೋಸ್ ಹಾಕುವ ಮುನ್ನ, ಹಾಕಿದ ಮೇಲೆ

ಮನೆಯಲ್ಲಿ ಕಂಪ್ಯೂಟರ್ ಇರುವ ನಮ್ಮಂಥವರಿಗೆ ಈಚೆಗೆ ಒಂದು ಹೊಸ ಪೀಕಲಾಟ ಶುರುವಾಗಿದೆ. ಯಂತ್ರದ ಗುಂಡಿ ಒತ್ತಿದರೆ ಸಾಕು, ‘ವಿಂಡೋಸ್ 11 ಹಾಕಿಕೊಳ್ಳಿ’ ಎಂಬ ಪ್ರಕಟಣೆ. ಯಜಮಾನರನ್ನು ಕೇಳಿದರೆ “ಭಾನುವಾರ ನೋಡೋಣ” ಅಂತಾರೆ. ಮಗನನ್ನು ಕೇಳಿದರೆ “ಒತ್ತಿಬಿಡಮ್ಮ, ಏನೂ ಆಗಲ್ಲ” ಅಂತಾನೆ. ಏನೂ ಆಗದೆಯೂ ಇರಬಹುದು. ಆದರೆ ಆ ಪೆಟ್ಟಿಗೆಯೊಳಗೆ ಏನೇನಿದೆ ಅಂತ ಸ್ವಲ್ಪ ನೆನೆಸಿಕೊಳ್ಳಿ. ಮಕ್ಕಳ ನಾಮಕರಣದಿಂದ ಹಿಡಿದು ಇವತ್ತಿನವರೆಗಿನ ಫೋಟೋಗಳು, ಮನೆ ಸಾಲದ ಕಾಗದಗಳು, ಯಜಮಾನರ ತೆರಿಗೆ ಲೆಕ್ಕ. ನಮ್ಮ ಮನೆಯಲ್ಲಂತೂ ಅತ್ತೆಯವರು ಹೇಳುತ್ತಾ ಹೋದಂತೆ ನಾನು ಕುಟ್ಟಿಟ್ಟ ಸಂಪ್ರದಾಯದ ಹಾಡುಗಳಿವೆ. ಎಣ್ಣೆ ಶಾಸ್ತ್ರದ ಹಾಡು, ಆರತಿ ಹಾಡು, ಬೀಗರ ಹಾಡು ಎಲ್ಲಾ ಸೇರಿ ಅರವತ್ತಕ್ಕೂ ಮೇಲೆ. ಅತ್ತೆಯವರು ಈಗಿಲ್ಲ. ಕಳೆದುಹೋದರೆ ಮತ್ತೆ ಹೇಳಿಸಿಕೊಳ್ಳೋಣ ಅಂದರೆ ಯಾರಿದ್ದಾರೆ?

ಮೊದಲು, ಇದು ಯಾಕೆ ಬಂತು ಅಂತ ತಿಳಿಯೋಣ. ಬಹಳ ಮನೆಗಳಲ್ಲಿರುವ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ರಕ್ಷಣೆಯ ತಿದ್ದುಪಡಿಗಳನ್ನು ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಅಂದಮಾತ್ರಕ್ಕೆ ಯಂತ್ರ ಅಂದೇ ನಿಂತುಹೋಗಲಿಲ್ಲ. ಬೀಗ ಹಳೆಯದಾಯಿತು, ಕಳ್ಳರು ಹೊಸ ಕೀಲಿ ಮಾಡಿಸಿಕೊಂಡರೆ ಬೀಗ ಬದಲಾಯಿಸಿಕೊಡುವವರು ಇಲ್ಲ, ಅಷ್ಟೆ. ಬ್ಯಾಂಕಿನ ವ್ಯವಹಾರವನ್ನು ಅದೇ ಯಂತ್ರದಲ್ಲಿ ಮಾಡುವವರು ಅಲಕ್ಷ್ಯ ಮಾಡುವ ಹಾಗಿಲ್ಲ. ಕೂಡಲೇ ಬದಲಾಯಿಸಲಾಗದ ಮನೆಗಳಿಗೆ ಒಂದು ವರ್ಷದ ಹೆಚ್ಚುವರಿ ರಕ್ಷಣೆಯ ಯೋಜನೆಯನ್ನು ಕಂಪನಿ ಆಗ ತಂದಿತು, 2026ರ ಅಕ್ಟೋಬರ್ 13ರವರೆಗೆ.

ಎಲ್ಲ ಯಂತ್ರಗಳಿಗೂ ವಿಂಡೋಸ್ 11 ಒಗ್ಗುವುದಿಲ್ಲ. ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದೋ ಆಮೇಲಿನದೋ ಆಗಿರಬೇಕು. 4 ಜಿಬಿ ಮೆಮೊರಿ, 64 ಜಿಬಿ ಡಿಸ್ಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತೆಯ ಭಾಗ ಬೇಕು. ಇದನ್ನೆಲ್ಲ ನೀವು ಬಾಯಿಪಾಠ ಮಾಡಬೇಕಾಗಿಲ್ಲ. ‘ಪಿಸಿ ಹೆಲ್ತ್ ಚೆಕ್’ ಎಂಬ ಕಂಪನಿಯದೇ ಸಣ್ಣ ಪ್ರೋಗ್ರಾಂ ಇದೆ, ಒಂದು ಗುಂಡಿ ಒತ್ತಿದರೆ ಆಗುತ್ತದೋ ಇಲ್ಲವೋ ಹೇಳಿಬಿಡುತ್ತದೆ. ಆಗುವುದಿಲ್ಲ ಅಂದರೆ ಅಡ್ಡದಾರಿಯಲ್ಲಿ ಹಾಕಿಕೊಡುತ್ತೇನೆ ಅನ್ನುವವರೂ ಸಿಗುತ್ತಾರೆ. ನನ್ನ ಮಾತು ಕೇಳುವುದಾದರೆ ಬೇಡ. 4 ಜಿಬಿಯಲ್ಲಿ ನಡೆಯುತ್ತದೆ ಅನ್ನುವುದೂ ಅಷ್ಟಕ್ಕಷ್ಟೆ. ಎಂಟಿದ್ದರೆ ಉಸಿರಾಡುತ್ತದೆ.

ಈಗ ಮುಖ್ಯವಾದ ವಿಷಯ. ಹೊಸ ವಿಂಡೋಸ್ ಹಾಕುವುದರಲ್ಲಿ ಎರಡು ಬಗೆ. ಇದ್ದದ್ದರ ಮೇಲೆಯೇ ಹಾಕುವುದು ಒಂದು. ಇದರಲ್ಲಿ ನಿಮ್ಮ ಫೈಲು, ಪ್ರೋಗ್ರಾಂ ಎಲ್ಲ ಇದ್ದಲ್ಲೇ ಇರುತ್ತವೆ. ಇನ್ನೊಂದು, ಫಾರ್ಮ್ಯಾಟ್ ಮಾಡಿ ಹಾಕುವುದು. ಅಂದರೆ ಮನೆ ಖಾಲಿ ಮಾಡಿ ಸುಣ್ಣ ಹೊಡೆದು ಹೊಸದಾಗಿ ಹೊಕ್ಕಂತೆ. ಹೀಗೆ ಹಾಕಿದರೆ ಹಿಂದಕ್ಕೆ ಹೋಗುವ ಬಾಗಿಲೇ ಇಲ್ಲ. ನಮ್ಮ ಪಕ್ಕದ ಮನೆಯವರು ಲ್ಯಾಪ್‌ಟಾಪನ್ನು ಒಂದು ಅಂಗಡಿಗೆ ಕೊಟ್ಟಿದ್ದರು. ಆ ಹುಡುಗ ಕೇಳಲೂ ಇಲ್ಲ ಹೇಳಲೂ ಇಲ್ಲ, ಫಾರ್ಮ್ಯಾಟ್ ಮಾಡಿ ಹೊಸದನ್ನು ಹಾಕಿ ಸಂಜೆಗೆ ಕೈಗಿತ್ತ. ಯಂತ್ರವೇನೋ ಕುದುರೆ ಹಾಗೆ ಓಡುತ್ತಿತ್ತು. ಮಗಳ ಮದುವೆಯ ಫೋಟೋ ಒಂದೂ ಇರಲಿಲ್ಲ. ಅಂಗಡಿಗೆ ಕೊಡುವುದೇ ಆದರೆ “ಫಾರ್ಮ್ಯಾಟ್ ಬೇಡ, ಇದ್ದದ್ದರ ಮೇಲೆಯೇ ಹಾಕಿ” ಅಂತ ಬಾಯಿ ಬಿಟ್ಟು ಹೇಳಿ. ಚೀಟಿಯಲ್ಲಿ ಬರೆಸಿಕೊಂಡರೆ ಇನ್ನೂ ವಾಸಿ.

ಇದ್ದದ್ದರ ಮೇಲೆ ಹಾಕಿದರೂ ನೂರಕ್ಕೆ ನೂರು ನಂಬುವ ಹಾಗಿಲ್ಲ. 2018ರ ಅಕ್ಟೋಬರ್ 2ರಂದು ಕಂಪನಿ ವಿಂಡೋಸ್ 10ರ ಒಂದು ದೊಡ್ಡ ಅಪ್‌ಡೇಟ್ ಬಿಟ್ಟಿತು. ಅದನ್ನು ಹಾಕಿಕೊಂಡವರಲ್ಲಿ ಕೆಲವರ ಸ್ವಂತ ಫೈಲುಗಳೇ ಮಾಯವಾದವು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರುಗಳನ್ನು ಬೇರೆ ಡ್ರೈವಿಗೆ ತಿರುಗಿಸಿಕೊಂಡು, ಹಳೆಯ ಜಾಗದಲ್ಲೂ ಒಂದಿಷ್ಟು ಬಿಟ್ಟಿದ್ದವರಿಗೆ ಈ ಪೆಟ್ಟು ಬಿತ್ತು. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ತಡೆಹಿಡಿದು, ತಿದ್ದಿ, ನವೆಂಬರ್ 13ರಂದು ಮತ್ತೆ ಬಿಟ್ಟಿತು. ಪೆಟ್ಟು ತಿಂದವರು ಬಹಳ ಕಡಿಮೆ, ನಿಜ. ಆ ಕಡಿಮೆಯಲ್ಲಿ ನಮ್ಮ ಮನೆ ಸೇರಿದ್ದರೆ?

ಆದ್ದರಿಂದ ಮೊದಲು ನಕಲು. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಿ. ಚೀಟಿ ಹಣದಲ್ಲೋ ಹಬ್ಬದ ಖರ್ಚಿನಲ್ಲೋ ಉಳಿಸಿ ಕೊಳ್ಳುವಂಥ ವಸ್ತು ಇದು, ಒಂದು ಸೀರೆ ಕಡಿಮೆಯಾದರೂ ಚಿಂತೆಯಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಈ ನಾಲ್ಕನ್ನೂ ಅದಕ್ಕೆ ಕಾಪಿ ಮಾಡಿ. ಕೆಲವು ಫೈಲುಗಳ ಪಕ್ಕದಲ್ಲಿ ಸಣ್ಣ ಮೋಡದ ಗುರುತು ಕಾಣುತ್ತದೆ. ಅವು ನಿಮ್ಮ ಯಂತ್ರದಲ್ಲಿಲ್ಲ, ಒನ್‌ಡ್ರೈವ್ ಎಂಬ ಕಂಪನಿಯ ಉಗ್ರಾಣದಲ್ಲಿವೆ. ಅವನ್ನು ಮೊದಲು ಯಂತ್ರಕ್ಕೆ ಇಳಿಸಿಕೊಂಡು ಆಮೇಲೆ ಕಾಪಿ ಮಾಡಬೇಕು. ಕಾಪಿ ಮುಗಿಯಿತು ಅಂದಾಕ್ಷಣ ಎದ್ದು ಹೋಗಬೇಡಿ. ನಾಲ್ಕೈದು ಫೈಲು ತೆರೆದು ನೋಡಿ, ಬೇರೆ ಕಂಪ್ಯೂಟರಿನಲ್ಲಿ ನೋಡಿದರೆ ಇನ್ನೂ ಒಳ್ಳೆಯದು. ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟುವ ಮುಂಚೆ ರುಚಿ ನೋಡುವುದಿಲ್ಲವೆ, ಹಾಗೆ. ಆಮೇಲೆ ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ. ಅಪ್‌ಡೇಟ್ ಆಗುವಾಗ ಅದು ಯಂತ್ರಕ್ಕೆ ತಗುಲಿಕೊಂಡಿರುವುದು ಬೇಡ.

ಕನ್ನಡದಲ್ಲಿ ಟೈಪು ಮಾಡುವ ಸೋದರಿಯರಿಗೆ ಒಂದು ವಿಶೇಷ ಮಾತು. ಹಳೆಯ ನುಡಿ, ಬರಹಗಳಲ್ಲಿ ಯೂನಿಕೋಡ್ ಬರುವ ಮುಂಚೆ ಟೈಪು ಮಾಡಿದ ಕಾಗದಗಳು ಎಷ್ಟೋ ಮನೆಗಳಲ್ಲಿವೆ. ಇವುಗಳ ಅಕ್ಷರ ಪೂರಾ ಆ ಫಾಂಟನ್ನೇ ನಂಬಿಕೊಂಡಿರುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ ಎಲ್ಲ ಕಲಸಿ ಚೆಲ್ಲಿದ ಹಾಗೆ ಕಾಣುತ್ತದೆ. ಫೈಲು ಕೆಟ್ಟಿತು ಅಂತ ಅಳಿಸಿಬಿಟ್ಟವರನ್ನು ನಾನು ಕಂಡಿದ್ದೇನೆ. ಅದು ಕೆಟ್ಟಿರುವುದಿಲ್ಲ, ಫಾಂಟು ಕೊಟ್ಟರೆ ಮತ್ತೆ ಮುಖ ತೋರಿಸುತ್ತದೆ. ಇದ್ದದ್ದರ ಮೇಲೆ ಹಾಕಿದಾಗ ಫಾಂಟುಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಆದರೂ ಫಾಂಟಿನ ಫೈಲುಗಳನ್ನೂ ನಕಲಿನ ಜೊತೆಗೆ ಇಡಿ. ಅತ್ತೆಯವರ ಹಾಡುಗಳನ್ನು ನಾನು ಯೂನಿಕೋಡಿಗೆ ತಿರುಗಿಸಿ ಇಟ್ಟುಕೊಂಡೆ, ಕಾಗದದ ಮೇಲೆ ಒಂದು ಪ್ರತಿಯನ್ನೂ ತೆಗೆಸಿ ಹೊಲಿಸಿದೆ. ಕಾಗದಕ್ಕೆ ಯಾವ ಅಪ್‌ಡೇಟೂ ಬೇಡ ನೋಡಿ!

ಹಾಕುವ ದಿನಕ್ಕೆ ಮೊದಲು ಇನ್ನೆರಡು ಸಣ್ಣ ಕೆಲಸ. ಕೆಲವು ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಇರುತ್ತದೆ. ದೊಡ್ಡ ಬದಲಾವಣೆಯಾದಾಗ ಅದು 48 ಅಂಕಿಯ ಕೀಲಿ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಅಂಕಿಗಳಿದ್ದರೆ ಡೈರಿಯಲ್ಲಿ ಬರೆದುಕೊಳ್ಳಿ. ಇನ್ನೊಂದು, ಈಗ ಯಂತ್ರ ತೆರೆಯಲು ಬಳಸುವ ಪಾಸ್‌ವರ್ಡ್. ನಾಲ್ಕಂಕಿಯ ಪಿನ್ ಒತ್ತಿ ಒತ್ತಿ ಪಾಸ್‌ವರ್ಡೇ ಮರೆತಿರುತ್ತೇವೆ. ಹಿಂದಿನ ವಿಂಡೋಸಿಗೆ ಮರಳಿದಾಗ ಅದು ಹಳೆಯ ಪಾಸ್‌ವರ್ಡನ್ನೇ ಕೇಳುತ್ತದೆ.

ಡಿಸ್ಕಿನಲ್ಲಿ ಇಪ್ಪತ್ತು ಮೂವತ್ತು ಜಿಬಿ ಖಾಲಿ ಜಾಗ ಮಾಡಿಕೊಳ್ಳಿ. ಕರೆಂಟ್ ಹೋಗುವ ಊರಾದರೆ ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕೇ ಬೇಕು. ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿಸಿ, ಚಾರ್ಜರನ್ನೂ ಹಾಕಿಡಿ. ಮಕ್ಕಳ ಪರೀಕ್ಷೆಯ ವಾರ, ತೆರಿಗೆ ಕಟ್ಟುವ ಕೊನೆಯ ದಿನ ಈ ಕೆಲಸಕ್ಕೆ ಕೈಹಾಕಬಾರದು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಿಂದಲೇ ಹಾಕಿಕೊಳ್ಳಿ. ಫೋನ್ ಮಾಡಿ “ಮೇಡಂ, ನಿಮ್ಮ ಕಂಪ್ಯೂಟರಿಗೆ ಅಪ್‌ಡೇಟ್ ಮಾಡಿಕೊಡ್ತೀವಿ” ಅನ್ನುವವರಿದ್ದಾರಲ್ಲ, ಅವರ ಫೋನನ್ನು ಅಲ್ಲೇ ಇಟ್ಟುಬಿಡಿ. ಶುರುವಾದ ಮೇಲೆ ಯಂತ್ರ ತಾನಾಗಿ ಎರಡು ಮೂರು ಸಲ ಆರಿ ಹತ್ತುತ್ತದೆ. ಹಳೆಯ ಯಂತ್ರವಾದರೆ ಅರ್ಧ ದಿನವೂ ಹಿಡಿದೀತು. ನಿಂತುಹೋಯಿತೇನೋ ಎಂದು ಗಾಬರಿಯಾಗಿ ಸ್ವಿಚ್ ತೆಗೆಯಬೇಡಿ.

ಹಾಕಿಯಾಯಿತು. ಈಗ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುತ್ತೀರಲ್ಲ ಅಲ್ಲೇ, ಆ ದಿನಕ್ಕೊಂದು ಗುರುತು ಹಾಕಿ. ಅಲ್ಲಿಂದ ಹತ್ತು ದಿನ ಎಣಿಸಿ ಇನ್ನೊಂದು ಗುರುತು. ಯಾಕೆಂದರೆ ವಾಪಸು ಹೋಗಲು ವಿಂಡೋಸ್ ಕೊಡುವ ವಾಯಿದೆ ಹತ್ತೇ ದಿನ. ಅಷ್ಟು ದಿನ ಹಳೆಯದನ್ನು ಅದು ಬಿಸಾಡದೆ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಕಟ್ಟಿಟ್ಟಿರುತ್ತದೆ. ಜಾಗ ತಿನ್ನುತ್ತದೆ ಅಂತ ಅದನ್ನು ಅಳಿಸಿದಿರೋ, ಅಥವಾ ಡಿಸ್ಕ್ ಚೊಕ್ಕಟ ಮಾಡುವಾಗ ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್’ ಎಂಬ ಸಾಲಿಗೆ ಗುರುತು ಹಾಕಿದಿರೋ, ಮರಳುವ ದಾರಿ ಮುಚ್ಚಿತು. ಹತ್ತು ದಿನ ಸಾಲದು ಅನ್ನುವವರು ಆ ವಾಯಿದೆಯೊಳಗೇ ತಿಳಿದವರಿಂದ ‘ಡಿಸ್ಮ್’ ಎಂಬ ಆಜ್ಞೆ ಕೊಡಿಸಿ ಅರವತ್ತು ದಿನಗಳವರೆಗೂ ಬೆಳೆಸಿಕೊಳ್ಳಬಹುದು.

ಈ ಹತ್ತು ದಿನ ಯಂತ್ರವನ್ನು ಚೆನ್ನಾಗಿ ದುಡಿಸಬೇಕು. ಪ್ರಿಂಟರಿನಲ್ಲಿ ಒಂದು ಹಾಳೆ ತೆಗೆಯಿರಿ, ಸ್ಕ್ಯಾನರು ನಡೆಯುತ್ತದೆಯೇ ನೋಡಿ, ಬ್ಯಾಂಕಿನ ಪುಟ ತೆರೆಯಿರಿ, ಮಗಳು ಅಮೆರಿಕದಲ್ಲಿದ್ದರೆ ಕ್ಯಾಮೆರಾ ಹಚ್ಚಿ ಒಮ್ಮೆ ಮಾತಾಡಿ. ಹಳೆಯ ನುಡಿ ಕಾಗದಗಳನ್ನು ತೆರೆದು ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಕಣ್ಣಾಡಿಸಿ. ಸಾಮಾನ್ಯವಾಗಿ ತಕರಾರು ತೆಗೆಯುವುದು ಹಳೆಯ ಪ್ರಿಂಟರೇ. ಅಷ್ಟಕ್ಕೇ ವಾಪಸು ಹೋಗಬೇಕಾಗಿಲ್ಲ, ಪ್ರಿಂಟರಿನ ಕಂಪನಿಯ ಹೊಸ ಡ್ರೈವರ್ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಸರಿಹೋಗದೆ, ಯಂತ್ರ ಬಸವನಹುಳುವಾಗಿ ಕೂತರೆ ಹಿಂದಿರುಗಿ. ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ರಿಕವರಿ, ಅಲ್ಲಿ ‘ಗೋ ಬ್ಯಾಕ್’. ಯಾಕೆ ಹೋಗ್ತೀರಿ ಅಂತ ಕೇಳುತ್ತದೆ, ಒಂದು ಅಪ್‌ಡೇಟ್ ನೋಡಿ ಅಂತ ಪುಸಲಾಯಿಸುತ್ತದೆ, ಪಾಸ್‌ವರ್ಡ್ ಗೊತ್ತಿದೆ ತಾನೆ ಅಂತ ಎಚ್ಚರಿಸುತ್ತದೆ. ಎಲ್ಲಕ್ಕೂ ಉತ್ತರ ಕೊಟ್ಟು ಮುಂದುವರಿಯಿರಿ. ಈ ಹತ್ತು ದಿನಗಳಲ್ಲಿ ಹೊಸದಾಗಿ ಹಾಕಿದ ಪ್ರೋಗ್ರಾಂಗಳು ಹೋಗುತ್ತವೆ, ಬದಲಾಯಿಸಿಕೊಂಡ ಸೆಟ್ಟಿಂಗುಗಳು ಹೋಗುತ್ತವೆ. ನಿಮ್ಮ ಫೈಲುಗಳು ಉಳಿಯಬೇಕು. ‘ಬೇಕು’ ಅಂದದ್ದನ್ನು ಗಮನಿಸಿ, ಹತ್ತು ದಿನಗಳಲ್ಲಿ ಬರೆದದ್ದನ್ನೂ ಡಿಸ್ಕಿಗೆ ಕಾಪಿ ಮಾಡಿಕೊಂಡೇ ಗುಂಡಿ ಒತ್ತಿ. ಹೊಸ ವಿಂಡೋಸಿನಲ್ಲಿ ಮಕ್ಕಳಿಗೋ ನೆಂಟರಿಗೋ ಬೇರೆ ಖಾತೆ ತೆರೆದಿದ್ದರೆ ಮೊದಲು ಅದರೊಳಗಿನ ಫೈಲು ತೆಗೆದಿಟ್ಟು ಆ ಖಾತೆಯನ್ನು ತೆಗೆಯಬೇಕು. ‘ಗೋ ಬ್ಯಾಕ್’ ಮಸುಕಾಗಿ, ಒತ್ತಲು ಬಾರದೆ ಇದ್ದರೆ ವಾಯಿದೆ ಮುಗಿದಿದೆ ಅಥವಾ ಹಳೆಯ ಫೋಲ್ಡರ್ ಹೋಗಿದೆ ಅಂತ ತಿಳಿಯಿರಿ. ಆಮೇಲೆ ಹಳೆಯದು ಬೇಕೆಂದರೆ ಫಾರ್ಮ್ಯಾಟ್ ಒಂದೇ ದಾರಿ.

ವಿಂಡೋಸ್ 10ಕ್ಕೆ ಮರಳಿದವರು ಬೀಗ ಹಳೆಯದು ಎಂಬ ಮಾತನ್ನು ಮರೆಯಬಾರದು. ಬ್ಯಾಂಕಿನ ಕೆಲಸವನ್ನು ಬೇರೆ ಕಡೆ ಇಟ್ಟುಕೊಳ್ಳಿ.

ಪ್ರತಿ ತಿಂಗಳು ಬರುವ ಸಣ್ಣ ಅಪ್‌ಡೇಟುಗಳ ಕತೆ ಬೇರೆ. ಅವುಗಳಲ್ಲಿ ಯಾವುದಾದರೂ ಒಂದು ಕಾಟ ಕೊಟ್ಟರೆ ವಿಂಡೋಸ್ ಅಪ್‌ಡೇಟ್ ಪುಟದ ‘ಅಪ್‌ಡೇಟ್ ಹಿಸ್ಟರಿ’ಯೊಳಗೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ, ಅದೊಂದನ್ನೇ ಕಿತ್ತು ಹಾಕಬಹುದು. ಆಮೇಲೆ ಅದೇ ಪುಟದಲ್ಲಿ ಕೆಲವು ವಾರ ಅಪ್‌ಡೇಟುಗಳನ್ನು ತಡೆದು ನಿಲ್ಲಿಸಿ, ಇಲ್ಲವಾದರೆ ಮಾರನೆಯ ದಿನವೇ ಅದು ಹಿತ್ತಲ ಬಾಗಿಲಿನಿಂದ ಮತ್ತೆ ಬಂದು ಕೂರುತ್ತದೆ.

ಹತ್ತು ದಿನ ಸುಸೂತ್ರವಾಗಿ ಕಳೆದರೆ ನೀವೇನೂ ಮಾಡಬೇಕಾಗಿಲ್ಲ, ಹಳೆಯ ಫೋಲ್ಡರನ್ನು ವಿಂಡೋಸೇ ತೆಗೆದುಹಾಕುತ್ತದೆ. ಬೀರುವಿನಲ್ಲಿಟ್ಟ ಡಿಸ್ಕಿನ ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ. ಮೂರು ತಿಂಗಳಿಗೊಮ್ಮೆ ಅದನ್ನು ತೆಗೆದು, ಹೊಸ ಫೋಟೋಗಳನ್ನು ಸೇರಿಸಿ, ಚೀಟಿ ಬದಲಾಯಿಸಿ ಮತ್ತೆ ಒಳಗಿಡಿ.