ಸೂಚನೆಯಿಂದ ಸಮ್ಮತಿಗೆ: ಮ್ಯಾಕ್‌ಬೆತ್‌ನ ಪತನ ಕುರಿತು ಒಂದು ದೈವಶಾಸ್ತ್ರೀಯ ವಿವೇಚನೆ

ಮನುಷ್ಯನ ಪಾಪಕ್ಕೆ ಹೊರಗಿನ ಪ್ರೇರಣೆ ಎಷ್ಟರಮಟ್ಟಿಗೆ ಹೊಣೆ ಎಂಬ ಪ್ರಶ್ನೆ ಏದೆನ್ ತೋಟದಷ್ಟೇ ಹಳೆಯದು. ಆದಾಮನು ಹವ್ವಳ ಮೇಲೆ ಹೊರಿಸಿದನು. ಹವ್ವಳು ಸರ್ಪದ ಮೇಲೆ ಹೊರಿಸಿದಳು. ಪಾಪದ ಅರಿಕೆಯನ್ನು ಕೇಳುವ ಸಭಾಪಾಲಕರಿಗೆ ಈ ಉತ್ತರ ಅಪರಿಚಿತವಲ್ಲ. ಷೇಕ್ಸ್‌ಪಿಯರನು ಸುಮಾರು 1606ರಲ್ಲಿ ರಚಿಸಿದ ‘ಮ್ಯಾಕ್‌ಬೆತ್’ ದುರಂತ ನಾಟಕದ ಬೆಳಕಿನಲ್ಲಿ ನಾವು ಇದನ್ನು ಪರಿಶೀಲಿಸಬಹುದು.

ಪರ್ವತ ಪ್ರಸಂಗದ ವ್ಯಾಖ್ಯಾನದಲ್ಲಿ ಸಂತ ಅಗಸ್ಟೀನರು ಪಾಪದ ಮೂರು ಹಂತಗಳನ್ನು ಗುರುತಿಸುತ್ತಾರೆ: ಸೂಚನೆ, ರುಚಿ, ಸಮ್ಮತಿ. ಸೂಚನೆ ಹೊರಗಿನಿಂದ ಬರಬಹುದು. ಅದರಲ್ಲಿ ಮನಸ್ಸು ರುಚಿ ಕಾಣಬಹುದು. ಆದರೆ ಸಮ್ಮತಿಯನ್ನು ನಮ್ಮ ಪರವಾಗಿ ಬೇರೊಬ್ಬರು ಕೊಡಲಾರರು.

ನಾಟಕದಲ್ಲಿ ಮೊದಲ ಸೂಚನೆ ಮೂವರು ಮಾಟಗಾತಿಯರದು. ಮ್ಯಾಕ್‌ಬೆತ್ ಮುಂದೆ ಅರಸನಾಗುವನೆಂದು ಅವರು ನುಡಿಯುತ್ತಾರೆ. ಕೊಲೆಯ ಮಾತನ್ನು ಎತ್ತುವುದೇ ಇಲ್ಲ. ಕೊಲೆಯ ಚಿತ್ರ ಮೂಡುವುದು ಅವನ ಮನಸ್ಸಿನಲ್ಲಿಯೇ. ಅದನ್ನು ಕಂಡು ಅವನೇ ನಡುಗುತ್ತಾನೆ. ಪಕ್ಕದಲ್ಲಿದ್ದ ಬ್ಯಾಂಕೋ ಸಹ ತನ್ನ ಸಂತತಿಯವರು ಅರಸರಾಗುವರೆಂಬ ಭವಿಷ್ಯವನ್ನು ಕೇಳುತ್ತಾನೆ. ಅದು ಅವನ ಕನಸಿನಲ್ಲಿಯೂ ಸುಳಿಯುತ್ತದೆ. ಆದರೆ ಅವನು ಆ ದುಷ್ಟ ಆಲೋಚನೆಗಳನ್ನು ತಡೆಯಬೇಕೆಂದು ಪ್ರಾರ್ಥಿಸುತ್ತಾನೆ. ಷೇಕ್ಸ್‌ಪಿಯರನಿಗೆ ಆಕರವಾದ ಹಾಲಿನ್‌ಶೆಡ್‌ನ ಇತಿಹಾಸದಲ್ಲಿ ಬ್ಯಾಂಕೋ ಸಂಚಿನ ಪಾಲುಗಾರ. ಆಗಿನ ಅರಸ ಜೇಮ್ಸನು ಬ್ಯಾಂಕೋವಿನ ವಂಶಜನೆಂಬ ನಂಬಿಕೆ ಇದ್ದುದರಿಂದ ಈ ಬದಲಾವಣೆಗೆ ರಾಜಕೀಯ ಕಾರಣವೂ ಇದ್ದೀತು. ಆದರೂ ಅದರ ಫಲವಾಗಿ ಒಂದೇ ಸೂಚನೆಗೆ ಎರಡು ಉತ್ತರಗಳನ್ನು ನಾವು ಕಾಣುವಂತಾಗಿದೆ.

ಎರಡನೆಯ ಪ್ರೇರಣೆ ಪತ್ನಿಯದು. ಡಂಕನ್ ಅರಸನು ತನಗೆ ಬಂಧು, ಒಡೆಯ, ಅತಿಥಿ ಎಂದು ನೆನೆದು ಮ್ಯಾಕ್‌ಬೆತ್ ಒಮ್ಮೆ ಹಿಂಜರಿಯುತ್ತಾನೆ. ತನ್ನನ್ನು ತಿವಿಯುತ್ತಿರುವುದು ಮಹತ್ವಾಕಾಂಕ್ಷೆಯೊಂದೇ ಎಂಬುದನ್ನೂ ಅವನು ಬಲ್ಲನು. ಅವನ ಈ ಕಾರಣಗಳಲ್ಲಿ ಒಂದನ್ನೂ ಪತ್ನಿ ಖಂಡಿಸುವುದಿಲ್ಲ; ಅವನ ಪೌರುಷವನ್ನು ಹಂಗಿಸಿ ಉಪಾಯವನ್ನು ಹೇಳಿಕೊಡುತ್ತಾಳೆ. ಸುಳ್ಳೆಂದು ತಿಳಿಯದ ಕಾರಣಗಳನ್ನು ಅವನು ಬದಿಗಿಡುತ್ತಾನೆ. ಸಮ್ಮತಿಯೆಂದರೆ ಇದೇ.

ಮುಂದಿನ ಘಟನೆಗಳು ಇದನ್ನು ದೃಢಪಡಿಸುತ್ತವೆ. ಬ್ಯಾಂಕೋವಿನ ಕೊಲೆಯನ್ನು ಅವನು ಪತ್ನಿಗೆ ತಿಳಿಸದೆ ಏರ್ಪಡಿಸುತ್ತಾನೆ. ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುವಾಗ ಅವನನ್ನು ಒತ್ತಾಯಿಸುವವರು ಯಾರೂ ಇಲ್ಲ. ಮೊದಲು ತಾವಾಗಿ ಎದುರಾಗಿದ್ದ ಮಾಟಗಾತಿಯರನ್ನು ಈಗ ಅವನೇ ಹುಡುಕಿಕೊಂಡು ಹೋಗುತ್ತಾನೆ. ಇಲ್ಲಿ ಅರಸನಾದ ಸೌಲನು ನೆನಪಾಗುತ್ತಾನೆ. ಜನರಿಗೆ ಹೆದರಿ ಅವರ ಮಾತು ಕೇಳಿದೆನೆಂದು ಅವನು ಸಮುವೇಲನಿಗೆ ಹೇಳಿದನು (1 ಸಮುವೇಲ 15:24). ಕಡೆಗೆ ತಾನೇ ದೇಶದಿಂದ ಹೊರಡಿಸಿದ್ದ ಮಾಂತ್ರಿಕರಲ್ಲಿ ಒಬ್ಬಳನ್ನು ಅರಸುತ್ತ ರಾತ್ರಿಯಲ್ಲಿ ಏಂದೋರಿಗೆ ಹೋದನು.

ಹಾಗೆಂದು ಪ್ರೇರಕರು ನಿರ್ದೋಷಿಗಳಲ್ಲ. ಎಡವಿಸುವವರ ವಿಷಯದಲ್ಲಿ ಕರ್ತನ ಎಚ್ಚರಿಕೆ ಬಹು ಕಠಿಣವಾದದ್ದು (ಮತ್ತಾಯ 18:6-7). ಆದರೆ ಅವರ ಪಾಪ ನಮ್ಮದನ್ನು ಕಡಿಮೆಮಾಡುವುದಿಲ್ಲ. ಪಾಪವು ಸ್ವಂತ ಆಶೆಯ ಗರ್ಭದಿಂದ ಹುಟ್ಟುತ್ತದೆಂಬುದು ಯಾಕೋಬನ ಬೋಧನೆ (1:14-15).

ಇದು ಸಭಾಸೇವಕರಾದ ನಮ್ಮ ಒಳಗನ್ನೂ ಮುಟ್ಟುವ ವಿಷಯ. ‘ನೀವು ಒಂದು ದಿನ ಬಿಷಪರಾಗುವಿರಿ’ ಎಂದು ಯಾರಾದರೂ ಹರಸಿದರೆ ಅದು ಪಾಪವಲ್ಲ. ಆ ಮಾತನ್ನು ಏಕಾಂತದಲ್ಲಿ ಮೆಲುಕುಹಾಕುತ್ತ, ಅಡ್ಡ ನಿಂತಿರುವವರನ್ನು ನಾವು ಎಣಿಸತೊಡಗಿದಾಗ ಎರಡನೆಯ ಹಂತದಲ್ಲಿದ್ದೇವೆ. ಬ್ಯಾಂಕೋ ಪ್ರಾರ್ಥಿಸಿದ್ದು ಆ ಹಂತದಲ್ಲಿಯೇ.

ಕೊಲೆಯ ರಾತ್ರಿ ‘ಆಮೆನ್’ ಎನ್ನಲಾಗಲಿಲ್ಲವೆಂದು ಮ್ಯಾಕ್‌ಬೆತ್ ಕಳವಳಪಡುತ್ತಾನೆ. ಮಾಡಿದ್ದನ್ನು ದೇವರ ಮುಂದೆ ಅರಿಕೆಮಾಡುವುದಿಲ್ಲ. ಪಾಪವನ್ನು ತನ್ನದೆಂದು ಒಪ್ಪುವುದು ಕಠಿಣವಾದರೂ ಕ್ಷಮೆಯ ದಾರಿ ಅಲ್ಲಿಂದಲೇ ಆರಂಭವಾಗುತ್ತದೆ. ಬೇರೊಬ್ಬರ ಪಾಪಕ್ಕಾಗಿ ನಾವು ಪಶ್ಚಾತ್ತಾಪಪಡಲಾರೆವು.