ಆಪರೇಷನ್ ಆದ ಮೇಲೂ ತೂಕ ಇಳಿಯುತ್ತಿಲ್ಲವೇ?

ಬೊಜ್ಜಿಗಾಗಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಳ್ಳುವುದು ಒಂದು ಕಾಲದಲ್ಲಿ ದೊಡ್ಡವರ ಸುದ್ದಿಯಾಗಿತ್ತು. 2011ರಲ್ಲಿ ನಿತಿನ್ ಗಡ್ಕರಿ, 2014ರಲ್ಲಿ ಅರುಣ್ ಜೇಟ್ಲಿ ಮಾಡಿಸಿಕೊಂಡಾಗ ಪತ್ರಿಕೆಯಲ್ಲಿ ಓದಿ ಬೆರಗಾದವರು ನಾವು. ಈಗ ಪುತ್ತೂರು, ಸುಳ್ಯ, ಕಡಬದ ಕಡೆಯ ನಮ್ಮ ಮನೆಗಳಲ್ಲೂ ಅದು ಹೊಸ ವಿಷಯವಲ್ಲ. ಮಂಗಳೂರಿಗೋ ಬೆಂಗಳೂರಿಗೋ ಹೋಗಿ ಮಾಡಿಸಿಕೊಂಡವರಿದ್ದಾರೆ. ಪತಿಯ ಜೊತೆ ಗಲ್ಫ್‌ನಲ್ಲಿದ್ದಾಗ ಅಲ್ಲೇ ಮಾಡಿಸಿಕೊಂಡು ಊರಿಗೆ ಬಂದವರೂ ಇದ್ದಾರೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಮೊಣಕಾಲು ನೋವು, ಮತ್ತೊಬ್ಬರಿಗೆ ಮಕ್ಕಳಾಗದ ಕೊರಗು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ಆದ್ದರಿಂದ ಇದನ್ನು ಬರೀ ಶ್ರೀಮಂತರ ಶೋಕಿ ಎಂದು ತಳ್ಳಿಹಾಕುವಂತಿಲ್ಲ.

ಆಪರೇಷನ್‌ಗೆ ಮೊದಲು ಎಲ್ಲರೂ ಸಲಹೆ ಕೊಡುತ್ತಾರೆ. ಆದರೆ ಆಪರೇಷನ್ ಆಗಿ ಕೆಲವು ತಿಂಗಳ ನಂತರ ಬರುವ ಒಂದು ಹಂತದ ಬಗ್ಗೆ ಹೇಳುವವರು ಕಡಿಮೆ. ಚೆನ್ನಾಗಿ ಇಳಿಯುತ್ತಿದ್ದ ತೂಕ ಒಂದು ದಿನ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ವಾರ ಎರಡಾಗುತ್ತದೆ, ನಾಲ್ಕಾಗುತ್ತದೆ, ಯಂತ್ರದ ಅಂಕೆ ಅಲುಗಾಡುವುದಿಲ್ಲ. ವೈದ್ಯರು ಇದನ್ನು ಪ್ಲಾಟೋ ಎನ್ನುತ್ತಾರೆ. ಸಂಪಾಜೆ ಘಾಟಿ ಇಳಿಯುವಾಗ ನಡುವೆ ಒಂದಿಷ್ಟು ಸಮತಟ್ಟು ರಸ್ತೆ ಸಿಗುತ್ತದಲ್ಲ, ಹಾಗೆ ಎಂದುಕೊಳ್ಳಿ. ಆ ಜಾಗದಲ್ಲಿ ನಿಂತ ಹೆಣ್ಣುಮಗಳಿಗೆ ಮಾತ್ರ ದಾರಿಯೇ ಮುಗಿದಂತೆ ಕಾಣುತ್ತದೆ.

ನನ್ನ ಪರಿಚಯದ ಸಹೋದರಿಯೊಬ್ಬರು ಪುತ್ತೂರಿನ ಸಮೀಪದವರು. ಆಪರೇಷನ್‌ಗೆ ಮೊದಲು 112 ಕಿಲೋ ಇದ್ದರು. ಐದು ತಿಂಗಳಲ್ಲಿ 27 ಕಿಲೋ ಇಳಿದರು. ಮನೆಯವರಿಗೆಲ್ಲ ಸಂತೋಷ. ನಂತರ ಆರು ವಾರ ಯಂತ್ರ 85ರಲ್ಲೇ ನಿಂತಿತು. ಸುಬ್‌ಹಿ ನಮಾಝ್ ಮುಗಿಸಿದ ಕೂಡಲೇ ಅವರು ಯಂತ್ರದ ಮೇಲೆ ಹತ್ತಿ ನಿಲ್ಲುತ್ತಿದ್ದರು. "ಅಷ್ಟು ಲಕ್ಷ ಸುರಿದದ್ದು ಇದಕ್ಕಾ?" ಎಂಬ ಮಾತು ಮನೆಯಲ್ಲಿ ಒಂದೆರಡು ಸಲ ಬಂತು. ಅವರು ಬೆಳಗಿನ ಮೊಟ್ಟೆ ಬಿಟ್ಟರು. ರಾತ್ರಿಯ ಊಟ ಬಿಟ್ಟರು. ಸೋಮವಾರ ಮತ್ತು ಗುರುವಾರ ಸುನ್ನತ್ ಉಪವಾಸ ಹಿಡಿಯತೊಡಗಿದರು. ತೂಕ ಒಂದೂವರೆ ಕಿಲೋ ಇಳಿದು ಮತ್ತೆ ನಿಂತಿತು. ಕೂದಲು ಹಿಡಿ ಹಿಡಿಯಾಗಿ ಉದುರಿತು. ಸುಳ್ಯದ ಒಂದು ಮದುವೆಗೆ ಹೋದಾಗ ಹೆಂಗಸರ ಹಾಲ್‌ನಲ್ಲೇ ತಲೆ ತಿರುಗಿ ಬಿದ್ದರು. ರಕ್ತ ಪರೀಕ್ಷೆ ಮಾಡಿಸಿದಾಗ ಕಬ್ಬಿಣಾಂಶವೂ ಬಿ12 ವಿಟಮಿನ್ ಕೂಡಾ ಬಹಳ ಕಡಿಮೆ. ವೈದ್ಯರು ಅವರಿಗೆ ಊಟ ಕಡಿಮೆ ಮಾಡಲು ಹೇಳಲಿಲ್ಲ, ಮೀನು ಮೊಟ್ಟೆ ಹೆಚ್ಚು ತಿನ್ನಲು ಹೇಳಿದರು.

ತೂಕ ನಿಲ್ಲುವುದರಿಂದ ಅಪಾಯವಿಲ್ಲ. ಅದಕ್ಕೆ ಹೆದರಿ ನಾವು ಮಾಡಿಕೊಳ್ಳುವ ಉಪಾಯಗಳಿಂದ ಅಪಾಯವಿದೆ.

ತೂಕ ಯಾಕೆ ನಿಲ್ಲುತ್ತದೆ?

ಈಗ ಹೆಚ್ಚಾಗಿ ಮಾಡುವುದು ಎರಡು ವಿಧದ ಆಪರೇಷನ್. ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು ಬಾಳೆಹಣ್ಣಿನಷ್ಟು ತೆಳುವಾದ ಚೀಲ ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಒಂದು ಪುಟ್ಟ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ಹಿಡಿಸುವ ಊಟ ಕಡಿಮೆ, ಹಸಿವಿನ ಹಾರ್ಮೋನಿನಲ್ಲೂ ಬದಲಾವಣೆ ಆಗುತ್ತದೆ.

ಮೊದಲ ವಾರಗಳಲ್ಲಿ ಇಳಿಯುವ ತೂಕದಲ್ಲಿ ನೀರಿನ ಪಾಲು ದೊಡ್ಡದು. ನಮ್ಮ ದೇಹವು ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಸ್ವಲ್ಪ ಸಕ್ಕರೆಯನ್ನು ದಾಸ್ತಾನು ಇಡುತ್ತದೆ. ಅದರ ಒಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿರುತ್ತದೆ. ಊಟ ನಿಂತಾಗ ಈ ದಾಸ್ತಾನು ಕರಗಿ ನೀರು ಹೊರಹೋಗುತ್ತದೆ. ದೇಹ ಹೊಂದಿಕೊಂಡು ದಾಸ್ತಾನನ್ನು ಮತ್ತೆ ತುಂಬಿಸಿದಾಗ ನೀರು ಮರಳಿ ಬರುತ್ತದೆ. ಆಪರೇಷನ್ ಆಗಿ ಮೂರ್ನಾಲ್ಕು ವಾರದಲ್ಲಿ ಅನೇಕರ ತೂಕ ನಿಲ್ಲುವುದು ಹೀಗೆ. ಒಳಗೆ ಕೊಬ್ಬು ಕರಗುತ್ತಲೇ ಇರುತ್ತದೆ, ಯಂತ್ರಕ್ಕೆ ಅದು ಕಾಣುವುದಿಲ್ಲ.

ಐದಾರು ತಿಂಗಳ ನಂತರದ ನಿಲುಗಡೆಗೆ ಕಾರಣ ಬೇರೆ. 112 ಕಿಲೋದ ಶರೀರ ಮೆಟ್ಟಿಲು ಹತ್ತಲು ಖರ್ಚು ಮಾಡುವಷ್ಟು ಶಕ್ತಿಯನ್ನು 85 ಕಿಲೋದ ಶರೀರ ಖರ್ಚು ಮಾಡುವುದಿಲ್ಲ. ಅದರ ಮೇಲೆ, ಆಹಾರ ಕಡಿಮೆಯಾದಾಗ ಬರಗಾಲ ಬಂದಿದೆ ಎಂದು ತಿಳಿದು ದೇಹವೇ ಖರ್ಚು ಕಡಿತ ಮಾಡುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿದ್ದರು. ಅವರ ದೇಹದ ತೂಕ ಕಾಲು ಭಾಗದಷ್ಟು ಇಳಿಯಿತು, ಆದರೆ ಸುಮ್ಮನೆ ಮಲಗಿದ್ದಾಗ ದೇಹ ಖರ್ಚು ಮಾಡುವ ಶಕ್ತಿ ಅದಕ್ಕಿಂತಲೂ ಹೆಚ್ಚು, ಸುಮಾರು ಶೇಕಡಾ 40ರಷ್ಟು ಇಳಿದಿತ್ತು. ಯಾವಾಗಲೂ ಚಳಿ, ಸುಸ್ತು, ಊಟದ್ದೇ ಯೋಚನೆ. ಹಸಿದ ದೇಹ ಜಿಪುಣವಾಗುತ್ತದೆ. ಅಲ್ಲಾಹನು ಮನುಷ್ಯನನ್ನು ಬರಗಾಲ ದಾಟುವಂತೆ ಸೃಷ್ಟಿಸಿದ್ದಾನೆ, ತೂಕದ ಯಂತ್ರಕ್ಕಾಗಿ ಅಲ್ಲ.

ಇನ್ನೂ ಒಂದು ಲೆಕ್ಕ ಮನೆಯವರಿಗೆ ಗೊತ್ತಿರಲಿ. ಸ್ವೀಡನ್‌ನಲ್ಲಿ 1987ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನ ಇಂತಹ ಆಪರೇಷನ್ ಆದವರನ್ನು ಇಪ್ಪತ್ತು ವರ್ಷ ಗಮನಿಸಿತು. ಎರಡು ವರ್ಷಕ್ಕೆ ಸರಾಸರಿ ಶೇಕಡಾ 23ರಷ್ಟು ತೂಕ ಇಳಿದಿತ್ತು. ಹತ್ತು ವರ್ಷಕ್ಕೆ ಅದು 17ಕ್ಕೆ ಬಂತು, ಇಪ್ಪತ್ತು ವರ್ಷಕ್ಕೆ 18. ಅಂದರೆ ಸ್ವಲ್ಪ ತೂಕ ಮರಳಿ ಬರುವುದೂ ಸಹಜ, ಬಹುಪಾಲು ಲಾಭ ಉಳಿಯುವುದೂ ನಿಜ. 112 ಕಿಲೋದವರು 55 ಕಿಲೋ ಆಗುತ್ತಾರೆಂದು ಕಾದು ಕೂತವರಿಗೆ ಮಾತ್ರ ಇದು ನಷ್ಟದಂತೆ ಕಾಣುತ್ತದೆ.

ಉಪವಾಸದ ವಿಷಯ

ತೂಕ ನಿಂತಾಗ ನಮ್ಮ ಸಹೋದರಿಯರಿಗೆ ಮೊದಲು ಹೊಳೆಯುವ ಉಪಾಯ ಉಪವಾಸ. ಒಂದು ಮಾತನ್ನು ಮದ್ರಸದ ಮಕ್ಕಳಿಗೆ ಹೇಳುವಂತೆ ನೇರವಾಗಿ ಹೇಳುತ್ತೇನೆ: ಉಪವಾಸದ ನಿಯ್ಯತ್ ಅಲ್ಲಾಹನಿಗಾಗಿ. ಕಿಲೋ ಇಳಿಸುವುದಕ್ಕೇ ಹಿಡಿದ ಹಸಿವು ಇಬಾದತ್ತೂ ಆಗಲಿಕ್ಕಿಲ್ಲ, ಚಿಕಿತ್ಸೆಯೂ ಅಲ್ಲ. ಆಪರೇಷನ್ ಆದವರು ಗಟಗಟ ನೀರು ಕುಡಿಯುವಂತಿಲ್ಲ. ಒಂದೂವರೆ ಎರಡು ಲೀಟರನ್ನು ದಿನವಿಡೀ ಗುಟುಕು ಗುಟುಕಾಗಿ ಒಳಸೇರಿಸಬೇಕು. ಮಗ್ರಿಬ್‌ನಿಂದ ಸಹರಿವರೆಗಿನ ಹೊತ್ತಿನಲ್ಲಿ ನೀರು, ಪ್ರೋಟೀನ್, ಮಾತ್ರೆ ಎಲ್ಲವನ್ನೂ ಆ ಪುಟ್ಟ ಚೀಲಕ್ಕೆ ಸೇರಿಸುವುದು ಕಷ್ಟ. ಆದ್ದರಿಂದ ಮೊದಲ ಒಂದು ವರ್ಷವಾದರೂ ಉಪವಾಸ ಬೇಡ ಎಂದೇ ಹೆಚ್ಚಿನ ವೈದ್ಯರ ಸಲಹೆ. ರಮಝಾನಿನ ಕಡ್ಡಾಯ ಉಪವಾಸಕ್ಕೂ ರೋಗಿಗೆ ರಿಯಾಯಿತಿ ಇರುವುದನ್ನು ಅಲ್ ಬಖರಃ ಅಧ್ಯಾಯದ 184 ಮತ್ತು 185ನೇ ವಚನಗಳು ಸ್ಪಷ್ಟಪಡಿಸುತ್ತವೆ. ವೈದ್ಯರ ಅಭಿಪ್ರಾಯವನ್ನು ಉಸ್ತಾದರಿಗೆ ತಿಳಿಸಿ, ನಂತರ ಖಝಾ ತೀರಿಸಬೇಕೇ, ಫಿದ್ಯಾ ಕೊಡಬೇಕೇ ಎಂದು ಕೇಳಿ ತಿಳಿದುಕೊಳ್ಳಿ. ರಿಯಾಯಿತಿ ಪಡೆದವಳನ್ನು "ಉಪವಾಸ ಇಲ್ಲವಾ?" ಎಂದು ಅಡುಗೆಮನೆಯಲ್ಲಿ ನಾಲ್ಕು ಜನರೆದುರು ಕೇಳುವ ಅಭ್ಯಾಸವನ್ನು ನಾವು ಬಿಡಬೇಕು.

ಹೊಟ್ಟೆಯನ್ನು ಮೂರು ಪಾಲು ಮಾಡಿ ಅನ್ನಕ್ಕೊಂದು, ನೀರಿಗೊಂದು, ಉಸಿರಿಗೊಂದು ಇಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಕೇಳಿದವರು ಅನೇಕ, ಪಾಲಿಸಿದವರು ಕೆಲವರು. ಆಪರೇಷನ್ ಆದವರಿಗೆ ಬೇರೆ ದಾರಿಯೇ ಇಲ್ಲ. ಚೀಲ ಅಷ್ಟು ಚಿಕ್ಕದಾದ್ದರಿಂದ ಅವರು ಊಟದ ಜೊತೆಗೂ ಊಟವಾಗಿ ಅರ್ಧ ಗಂಟೆಯವರೆಗೂ ನೀರು ಕುಡಿಯಬಾರದು.

ಅಡುಗೆಮನೆಯಲ್ಲಿ ಹುಡುಕಿ

ತೂಕ ನಿಂತಾಗ ಒಂದು ವಾರ ತಿಂದದ್ದನ್ನೆಲ್ಲ, ಕುಡಿದದ್ದನ್ನೂ ಸೇರಿಸಿ, ಚೀಟಿಯಲ್ಲಿ ಬರೆದಿಡಿ. ಕಳ್ಳ ಹೆಚ್ಚಾಗಿ ಅಲ್ಲೇ ಸಿಗುತ್ತಾನೆ. ಎರಡು ಚಮಚ ಸಕ್ಕರೆ ಹಾಕಿದ ಒಂದು ಲೋಟ ಹಾಲಿನ ಚಹಾದಲ್ಲಿ 80ರಿಂದ 100 ಕ್ಯಾಲರಿ ಇರುತ್ತದೆ. ನೆಂಟರು ಬಂದಾಗೊಂದು, ಮಕ್ಕಳು ಶಾಲೆಯಿಂದ ಬಂದಾಗೊಂದು ಎಂದು ದಿನಕ್ಕೆ ಐದಾದರೆ ಒಂದು ಊಟದಷ್ಟಾಯಿತು. ಒಂದು ದೊಡ್ಡ ಚಮಚ ತೆಂಗಿನ ಎಣ್ಣೆಯಲ್ಲಿ ಸುಮಾರು 120 ಕ್ಯಾಲರಿ. ಗಟ್ಟಿ ತೆಂಗಿನ ಹಾಲಿನ ಸಾರು, ತುಪ್ಪದ ಅನ್ನ, ಹಲಸಿನ ಚಿಪ್ಸ್ ಬಗ್ಗೆ ಹೇಳಬೇಕಾಗಿಲ್ಲ.

ಮೃದುವಾದ ತಿಂಡಿಗಳು ಇನ್ನೂ ಮೋಸಗಾರ. ಒಂದು ತುಂಡು ಕೋಳಿ ತಿಂದರೆ ಹೊಟ್ಟೆ ತುಂಬಿ ಸಾಕಾಗುವವರಿಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು, ಐಸ್‌ಕ್ರೀಮ್, ಪಾಯಸ, ಚಾಕಲೇಟ್ ಎಷ್ಟಾದರೂ ಜಾರಿ ಒಳಹೋಗುತ್ತದೆ. (1986ರಿಂದ ಕ್ಯಾಂಪ್ಕೋದ ಚಾಕಲೇಟ್ ಕಾರ್ಖಾನೆ ಇಟ್ಟುಕೊಂಡಿರುವ ಪುತ್ತೂರಿನವರಿಗೆ ಇದನ್ನು ಹೇಳುವುದು ಸ್ವಲ್ಪ ಕಷ್ಟವೇ.) ಬೈಪಾಸ್ ಆದವರಿಗೆ ಸಿಹಿ ಹೆಚ್ಚಾದರೆ ಬೆವರು, ಎದೆಬಡಿತ, ಭೇದಿ ಬರುವುದೂ ಇದೆ.

ಕಡಿಮೆ ಮಾಡಬಾರದ್ದು ಪ್ರೋಟೀನ್. ದಿನಕ್ಕೆ 60ರಿಂದ 80 ಗ್ರಾಂ ಬೇಕು. ಇಲ್ಲದಿದ್ದರೆ ದೇಹ ಸ್ನಾಯುವನ್ನೇ ಕರಗಿಸುತ್ತದೆ, ಸ್ನಾಯು ಕರಗಿದರೆ ಖರ್ಚು ಇನ್ನೂ ಕುಗ್ಗಿ ತೂಕ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಲೆಕ್ಕ ಕಷ್ಟವೇನಲ್ಲ. ಎರಡು ಮೊಟ್ಟೆಗೆ 12 ಗ್ರಾಂ. ಒಂದು ಲೋಟ ಹಾಲಿಗೆ 6. ಮುಳ್ಳು ತೆಗೆದ 100 ಗ್ರಾಂ ಬಂಗುಡೆಗೆ ಸುಮಾರು 20. ಬೇಯಿಸಿದ ಅರ್ಧ ಕಪ್ ಹೆಸರುಕಾಳಿಗೆ 7. ರಾತ್ರಿ ಒಂದೆರಡು ತುಂಡು ಎಲುಬಿಲ್ಲದ ಕೋಳಿ ಸೇರಿದರೆ 65 ಆಯಿತು. ಮೊದಲು ಮೀನು, ನಂತರ ತರಕಾರಿ, ಜಾಗ ಉಳಿದರೆ ಮಾತ್ರ ಅನ್ನ ಅಥವಾ ಅಕ್ಕಿರೊಟ್ಟಿ. ನಮ್ಮಲ್ಲಿ ಮೀನಿನ ದೊಡ್ಡ ತುಂಡು ಗಂಡಸರ ತಟ್ಟೆಗೆ ಹೋಗಿ, ಬಡಿಸಿದವಳಿಗೆ ಸಾರು ಅನ್ನ ಉಳಿಯುತ್ತದೆ. ಆಪರೇಷನ್ ಆದ ಸೊಸೆಯ ಪಾಲನ್ನು ಅತ್ತೆಯೇ ಮೊದಲು ತೆಗೆದಿಡುವ ಮನೆಯಲ್ಲಿ ಅರ್ಧ ಚಿಕಿತ್ಸೆ ಆದಂತೆ.

ನಡೆಯುವುದಕ್ಕೆ ಜಾಗವಿಲ್ಲ ಎಂಬ ದೂರು ಹಳ್ಳಿಯಲ್ಲಿ ನಿಲ್ಲುವುದಿಲ್ಲ. ಅಡಿಕೆ ತೋಟದ ಏರುದಾರಿಯಲ್ಲಿ ಅಸರ್ ನಂತರ ಅರ್ಧ ಗಂಟೆ ಸಾಕು. ಪೇಟೆಯಲ್ಲಿರುವವರು ಟೆರೇಸ್ ಮೇಲೆ ನಡೆಯಬಹುದು. ಸ್ನಾಯು ಉಳಿಯಬೇಕಾದರೆ ನಡಿಗೆಯ ಜೊತೆಗೆ ಭಾರ ಎತ್ತುವ ವ್ಯಾಯಾಮವೂ ಬೇಕು. ಒಂದು ಲೀಟರ್ ನೀರಿನ ಎರಡು ಬಾಟಲಿಗಳಿಂದ ಮನೆಯಲ್ಲೇ ಆರಂಭಿಸಬಹುದು.

ಮಾತ್ರೆಗಳನ್ನು ಬಿಡಬೇಡಿ. ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಬಿ12 ಇವು ಜೀವನಪೂರ್ತಿ ಬೇಕಾದವು. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಿದರೆ ಪ್ರಯೋಜನ ಕಡಿಮೆ, ಕ್ಯಾಲ್ಸಿಯಂಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ಕ್ಯಾಪ್ಸೂಲಿನ ಕವಚದಲ್ಲಿರುವ ಜೆಲಟಿನ್ ಹಲಾಲ್ ಹೌದೋ ಅಲ್ಲವೋ ಎಂಬ ಸಂಶಯದಿಂದ ಸದ್ದಿಲ್ಲದೆ ಬಿಟ್ಟವರಿದ್ದಾರೆ. ಸಂಶಯ ಸರಿಯಾದದ್ದೇ, ಬಿಡುವುದು ಸರಿಯಲ್ಲ. ಗುಳಿಗೆ, ಸಿರಪ್, ಬಿ12 ಇಂಜೆಕ್ಷನ್ ಇವೆ, ಸಸ್ಯಜನ್ಯ ಕವಚದ ಕ್ಯಾಪ್ಸೂಲ್‌ಗಳೂ ಸಿಗುತ್ತವೆ. ವೈದ್ಯರಲ್ಲಿ ನಾಚಿಕೆಯಿಲ್ಲದೆ ಕೇಳಿ. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೇನ್, ಡೈಕ್ಲೋಫೆನಾಕ್ ತಂದು ನುಂಗಬೇಡಿ, ಮುಖ್ಯವಾಗಿ ಬೈಪಾಸ್ ಆದವರಿಗೆ ಹುಣ್ಣಾಗುವ ಭಯವಿದೆ.

ಅಡ್ಡದಾರಿಗಳು

ನಿಂತ ತೂಕವನ್ನು ಕೊಬ್ಬು ಹೀರಿಸಿ ಇಳಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಬೇರೆಯೇ ಆಪರೇಷನ್, ತೂಕದ ಕಾಯಿಲೆಗೆ ಮದ್ದಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಜೀವ ಕಳೆದುಕೊಂಡದ್ದನ್ನು ಮರೆಯಬಾರದು. 2025ರಲ್ಲಿ ಮೌಂಜಾರೋ, ವೆಗೋವಿ ಎಂಬ ಇಂಜೆಕ್ಷನ್‌ಗಳು ಭಾರತಕ್ಕೆ ಬಂದಿವೆ. ತೂಕ ಮರಳಿ ಏರಿದ ಕೆಲವರಿಗೆ ವೈದ್ಯರು ಇಂತಹದನ್ನು ಕೊಡುವುದುಂಟು. ಆದರೆ ನೆರೆಮನೆಯವರ ಮಾತು ಕೇಳಿ ತರಿಸುವ ವಸ್ತು ಅದಲ್ಲ. ಹೆಸರು ವಿಳಾಸವಿಲ್ಲದ ಪುಡಿ, ಕಷಾಯಗಳ ಬಗ್ಗೆ ಹೇಳಬೇಕಾದದ್ದು ಇಷ್ಟೇ: ಬೇಡ.

ಮದುವೆಯಾದ ಸಹೋದರಿಯರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ತೂಕ ಇಳಿದಂತೆ ಮುಟ್ಟು ಸರಿಯಾಗಿ, ವರ್ಷಗಟ್ಟಲೆ ಮಕ್ಕಳಾಗದವರಿಗೂ ಗರ್ಭ ನಿಲ್ಲಬಹುದು. ಆಪರೇಷನ್ ಆಗಿ 12ರಿಂದ 18 ತಿಂಗಳವರೆಗೆ ಗರ್ಭ ಧರಿಸಬಾರದೆಂದು ವೈದ್ಯರು ಹೇಳುವುದು ತಾಯಿ ಮತ್ತು ಮಗು ಇಬ್ಬರಿಗೂ ಪೋಷಣೆ ಸಾಲದೆಂಬ ಕಾರಣಕ್ಕೆ. ಬೈಪಾಸ್ ಆದವರಲ್ಲಿ ನುಂಗುವ ಗರ್ಭನಿರೋಧಕ ಮಾತ್ರೆಯನ್ನು ಪೂರ್ತಿ ನಂಬುವಂತಿಲ್ಲ. ಪತಿ ಪತ್ನಿ ಒಟ್ಟಿಗೆ ಕೂತು ವೈದ್ಯರ ಜೊತೆ ಮಾತನಾಡಬೇಕಾದ ವಿಷಯವಿದು. ಪತಿ ಗಲ್ಫ್‌ನಿಂದ ರಜೆಗೆ ಬರುವ ಮೊದಲೇ ಮಾತನಾಡಿದರೆ ಉತ್ತಮ.

ಪದೇ ಪದೇ ವಾಂತಿ, ನೀರೂ ಒಳಗೆ ನಿಲ್ಲದಿರುವುದು, ಕಣ್ಣು ಮಂಜಾಗುವುದು, ನಡೆಯುವಾಗ ಓಲಾಡುವುದು, ಕಾಲು ಜೋಮು ಹಿಡಿಯುವುದು ಕಂಡರೆ ಅದು ತೂಕದ ಪ್ರಶ್ನೆಯಲ್ಲ. ಬಿ1 ವಿಟಮಿನ್ ಕುಸಿದಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆಪರೇಷನ್ ಆದದ್ದನ್ನು ಮೊದಲೇ ಹೇಳಿ.

ಸುಳ್ಯದಿಂದ ಮಂಗಳೂರಿಗೆ ಸುಮಾರು 85 ಕಿಲೋಮೀಟರ್. ಕಡಬದ ಒಳಹಳ್ಳಿಗಳಿಂದ ಹೋಗಿ ಬರುವುದಕ್ಕೆ ಒಂದು ದಿನವೇ ಬೇಕು. ಹಾಗಾಗಿ ಆರು ತಿಂಗಳು ಕಳೆದ ಮೇಲೆ ತಪಾಸಣೆ ನಿಂತೇಹೋಗುತ್ತದೆ. ಎಲ್ಲದಕ್ಕೂ ಮಂಗಳೂರಿಗೆ ಹೋಗಬೇಕಾಗಿಲ್ಲ. ರಕ್ತ ಪರೀಕ್ಷೆಗೆ ಪುತ್ತೂರು ಅಥವಾ ಸುಳ್ಯದಲ್ಲೇ ರಕ್ತ ಕೊಟ್ಟು, ವರದಿಯನ್ನು ಆಪರೇಷನ್ ಮಾಡಿದ ವೈದ್ಯರಿಗೆ ಫೋನಿನಲ್ಲಿ ಕಳುಹಿಸಬಹುದು. ಮೊದಲ ವರ್ಷ ವೈದ್ಯರು ಹೇಳಿದಷ್ಟು ಬಾರಿ, ನಂತರ ವರ್ಷಕ್ಕೊಮ್ಮೆ.

ತೂಕದ ಯಂತ್ರವನ್ನು ಕಪಾಟಿನಲ್ಲಿಡಿ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ, ಒಂದೇ ತರಹದ ಬಟ್ಟೆಯಲ್ಲಿ ನೋಡಿದರೆ ಸಾಕು. ಟೈಲರ್ ಟೇಪಿನಿಂದ ಸೊಂಟದ ಅಳತೆ ತೆಗೆದು ಬರೆದಿಡಿ. ಆ ಪುತ್ತೂರಿನ ಸಹೋದರಿ ಹಾಗೆ ಅಳೆದಾಗ, ಯಂತ್ರ ಅಲುಗಾಡದಿದ್ದ ಒಂದು ತಿಂಗಳಲ್ಲಿ ಸೊಂಟ ಎರಡು ಇಂಚು ಇಳಿದಿತ್ತು. ಕುರ್ಚಿಯಲ್ಲಿ ಕೂತು ನಮಾಝ್ ಮಾಡುತ್ತಿದ್ದವರು ಈಗ ನೆಲದಲ್ಲೇ ಸುಜೂದ್ ಮಾಡುತ್ತಾರೆ. ತೂಕ ಈಗ 79.